ಸಿಕ್ಕಿಕೊಂಡ ಪೈಪು, ಸಿಗದ ಪೇಟೆಂಟು

ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಬೋರ್‌ವೆಲ್ಲಿನೊಳಗೆ ಮೋಟರು ಸಿಕ್ಕಿಕೊಂಡಿತೆಂದರೆ ಅದನ್ನು ಎತ್ತುವವರು ಬರೀ ಬಲ ಹಾಕಿ ಎಳೆಯುವುದಿಲ್ಲ. ಬೋರಿನ ಬಾಯಿಯ ಮೇಲೆ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸಿ, ಚೈನ್ ಪುಲ್ಲಿಯ ಕೊಕ್ಕೆಗೆ ಪೈಪಿನ ಕ್ಲಾಂಪ್ ಸಿಕ್ಕಿಸಿ, ಸರಪಳಿ ಬಿಗಿಯಾಗುವಷ್ಟು ಜಗ್ಗಿ ನಿಲ್ಲಿಸುತ್ತಾರೆ. ಆಮೇಲೆ ಕ್ಲಾಂಪಿನ ಮೇಲೆ ಸುತ್ತಿಗೆಯಿಂದ ತಟ್ಟುತ್ತಾರೆ; ಒಂದು ಗೇಣು ಇಳಿಬಿಟ್ಟು ಮತ್ತೆ ಜಗ್ಗುತ್ತಾರೆ; ಪೈಪ್ ರೆಂಚ್ ಹಾಕಿ ಅಷ್ಟಷ್ಟೇ ತಿರುಗಿಸಿ ನೋಡುತ್ತಾರೆ. ತಿರುಗಿಸುವುದು ಬಲಕ್ಕೆ ಮಾತ್ರ. ಎಡಕ್ಕೆ ತಿರುಗಿಸಿದರೆ ಕೆಳಗೆಲ್ಲೋ ಒಂದು ಜಾಯಿಂಟಿನ ಥ್ರೆಡ್ ಬಿಚ್ಚಿಕೊಂಡು ಅರ್ಧ ಪೈಪು ಮೇಲೆ ಬರುತ್ತದೆ, ಮೋಟರು ಪಾತಾಳದಲ್ಲೇ ಉಳಿಯುತ್ತದೆ. ಕೇಸಿಂಗ್ ಕೊಳವೆ ಮುಗಿದಲ್ಲಿಂದ ಕೆಳಗಿನ ಬರಿಯ ಬಂಡೆಗೋಡೆಯಿಂದ ಉದುರಿದ ಕಲ್ಲುಚೂರು ಮೋಟರಿಗೂ ಗೋಡೆಗೂ ನಡುವೆ ಬೆಣೆಯಾಗಿ ಕೂತಿರುತ್ತದೆ. ಎಳೆದಷ್ಟೂ ಅದು ಬಿಗಿಯುತ್ತದೆ. ಅಲುಗಾಡಿಸಿದರೆ ಜಾಗ ಬಿಡುತ್ತದೆ. ಎಷ್ಟು ಜಗ್ಗಬೇಕು, ಯಾವಾಗ ಸಡಿಲ ಬಿಡಬೇಕು ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ಅದು ಕೈಗೆ ತಿಳಿಯುವ ವಿದ್ಯೆ, ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಬಂದದ್ದು.

ಇದೇ ತತ್ವದ ಮೇಲೆ ನಡೆಯುವ ಯಂತ್ರಗಳಿಗೆ ಎಣ್ಣೆ ಮತ್ತು ಅನಿಲ ಬಾವಿಗಳ ಲೋಕದಲ್ಲಿ ಪೇಟೆಂಟುಗಳ ದೊಡ್ಡ ರಾಶಿಯೇ ಇದೆ. ಅಲ್ಲಿನ ಬಾವಿ ಕಿಲೋಮೀಟರುಗಟ್ಟಲೆ ಆಳ. ಒಮ್ಮೆ ಕೆಳಗಿಳಿದು ಆಮೇಲೆ ಅಡ್ಡಡ್ಡ ಮಲಗಿ ಸಾಗುವುದೂ ಉಂಟು. ಅಂಥ ಬಾವಿಯೊಳಗೆ ಉದ್ದನೆಯ ಉಕ್ಕಿನ ಕೊಳವೆಯನ್ನು ತಳ್ಳುತ್ತ ಹೋದರೆ ಒಂದು ಹಂತದಲ್ಲಿ ಅದು ಗೋಡೆಗೆ ಒರಗಿ, ಸುರುಳಿಯಾಗಿ ಬಾಗಿ, ನಿಂತಲ್ಲೇ ನಿಂತುಬಿಡುತ್ತದೆ. ಆಗ ಮೇಲಿಂದಲೋ ಒಳಗಿಂದಲೋ ಕೊಳವೆಗೆ ಕಂಪನ ಕೊಟ್ಟರೆ ಗೋಡೆಯ ಹಿಡಿತ ಕ್ಷಣಕ್ಷಣಕ್ಕೂ ತಪ್ಪಿ ಅದು ಮುಂದಕ್ಕೆ ಜಾರುತ್ತದೆ. ಹೀಗೆ ಕಂಪನ ಕೊಡುವ ಯಂತ್ರಗಳಲ್ಲಿ ಹಲವು ಬಗೆ: ಒಂದು ಪಕ್ಕಕ್ಕೆ ಭಾರ ಹೆಚ್ಚಿರುವ ಚಕ್ರ ತಿರುಗಿಸುವವು, ದ್ರವದ ಹರಿವನ್ನೇ ತಡೆದು ಬಿಟ್ಟು ಮಿಡಿಸುವವು, ಇಡೀ ಕೊಳವೆ ಅನುರಣಿಸುವ ವೇಗವನ್ನು ಹುಡುಕಿ ಅದೇ ವೇಗದಲ್ಲಿ ಕುಲುಕುವವು. 1940ರ ದಶಕದಲ್ಲಿ ಅಮೆರಿಕದ ಆಲ್ಬರ್ಟ್ ಬೋಡೀನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೊಳವೆಯ ಸಾಲನ್ನೇ ಮೇಲೆ ಕೆಳಗೆ ಕಂಪಿಸುತ್ತ, ಅದರ ಜಾಯಿಂಟುಗಳಲ್ಲಿಟ್ಟ ಒಮ್ಮುಖ ಕವಾಟಗಳ ಮೂಲಕ ಎಣ್ಣೆಯನ್ನು ಮೆಟ್ಟಿಲು ಹತ್ತಿಸಿದ ಹಾಗೆ ಮೇಲೆತ್ತುವ ಪಂಪಿಗೆ ಪೇಟೆಂಟ್ ಪಡೆದ. ಗುಂಡ್ಲುಪೇಟೆಯಲ್ಲಿ ಸುತ್ತಿಗೆಯೇಟಾಗಿರುವುದು ಅಲ್ಲಿ ಕಾನೂನು ಕಾಯುವ ಆಸ್ತಿ. ಇದನ್ನು ಅನ್ಯಾಯವೆಂದು ಕರೆಯುವುದು ಸುಲಭ. ಪೇಟೆಂಟ್ ಕಾನೂನಿನ ಇತಿಹಾಸವನ್ನೂ ಈ ಎರಡು ಊರುಗಳ ಬಾವಿಯ ಇತಿಹಾಸವನ್ನೂ ಒಟ್ಟಿಗಿಟ್ಟು ಓದಿದರೆ ಮಾತ್ರ ಬೇರೆಯೇ ಕಾಣುತ್ತದೆ. ಇಲ್ಲಿ ಬೋರ್‌ವೆಲ್ ಕಸುಬು ಬೆಳೆದದ್ದೇ ಅದರ ಮೂಲ ಉಪಕರಣಗಳು ಯಾರ ಸ್ವತ್ತೂ ಅಲ್ಲದ್ದರಿಂದ. ಅವು ಹಾಗೆ ಉಳಿದದ್ದಕ್ಕೆ ಒಂದು ಕಾರಣ, ಸಣ್ಣಪುಟ್ಟ ಜಾಣ್ಮೆಗೆ ಪೇಟೆಂಟ್ ಕೊಡಲು ಕಾನೂನು ಒಪ್ಪದೇ ಇದ್ದುದು.

ಈ ನೆಲದಲ್ಲಿ ಎಣ್ಣೆಯಿಲ್ಲ, ಇರುವುದೂ ಸಾಧ್ಯವಿಲ್ಲ. ಎಣ್ಣೆ ಸಿಗುವುದು ಕೆಸರು, ಮರಳು ಪದರಪದರವಾಗಿ ಕೂತು ಗಟ್ಟಿಯಾದ ಕಲ್ಲಿನಲ್ಲಿ. ಚಾಮರಾಜನಗರದ ಅಡಿಯಲ್ಲಿರುವುದು ಅತಿ ಪ್ರಾಚೀನವಾದ ನೈಸ್ ಶಿಲೆ, ಬಿಳಿಗಿರಿರಂಗನ ಬೆಟ್ಟದ ಚಾರ್ನೋಕೈಟ್, ನಡುವೆ ನಡುವೆ ತೂರಿ ನಿಂತ ಕಪ್ಪು ಶಿಲೆಯ ಗೋಡೆಗಳು. ಜಿಲ್ಲೆಯ ಹೆಸರನ್ನು ಹೊರನಾಡಿನ ಕಟ್ಟಡಗಳವರೆಗೆ ಒಯ್ದದ್ದು ಈ ಕರಿಕಲ್ಲು. ಇಂಥ ಬಂಡೆಯ ಮೈಯಲ್ಲಿ ನೀರು ತಾನಾಗಿ ನಿಲ್ಲುವುದಿಲ್ಲ. ಮೇಲಿನ ಶಿಥಿಲ ಪದರದಲ್ಲಿ ಒಂದಷ್ಟು, ಕೆಳಗಿನ ಬಿರುಕುಗಳಲ್ಲಿ ಒಂದಷ್ಟು, ಅಷ್ಟೇ. ನೀಲಗಿರಿಯ ಮಳೆನೆರಳಿಗೆ ಬಿದ್ದಿರುವ ಗುಂಡ್ಲುಪೇಟೆಗೆ ದೊಡ್ಡ ನದಿಯೂ ಇಲ್ಲ. ಗುಂಡ್ಲು ಹೊಳೆ ಮಳೆ ಬಂದಾಗ ಹರಿಯುವ ಹೊಳೆ. ಶಿಥಿಲ ಪದರದ ನೀರಿಗೆ ತೋಡುಬಾವಿ ಸಾಕಾಗಿತ್ತು. ಒಡ್ಡರು ಅಗೆದು ಕಲ್ಲು ಕಟ್ಟಿದ ಬಾವಿ, ಅದರ ಇಳಿಜಾರಿನಲ್ಲಿ ಎತ್ತು ಹಿಂದೆ ಮುಂದೆ ನಡೆದು ಎಳೆಯುವ ಕಪಿಲೆ, ಆಳ ಕಡಿಮೆಯಿದ್ದಲ್ಲಿ ಏತ: ಹಳೆ ಮೈಸೂರಿನ ನೀರಾವರಿಯಲ್ಲಿ ಕೆರೆಯ ಜೊತೆಗೆ ಇವುಗಳ ಪಾಲೂ ಇತ್ತು. ಇವುಗಳಲ್ಲಿ ಯಾವುದನ್ನು ಯಾರು ಮೊದಲು ಮಾಡಿದರೆಂದು ಕೇಳುವ ಪ್ರಮೇಯವೇ ಹುಟ್ಟಲಿಲ್ಲ. ಬಡಗಿ, ಕಮ್ಮಾರ, ಚಮ್ಮಾರ ಮೂವರ ಕೈಗೂ ಕೆಲಸವಿದ್ದ ಯಂತ್ರಕ್ಕೆ ಒಬ್ಬ ಒಡೆಯನನ್ನು ಹುಡುಕುವುದೂ ಕಷ್ಟ.

ಭಾರತಕ್ಕೆ ಪೇಟೆಂಟ್ ಎಂಬುದು ಬಂದದ್ದು 1856ರ ಕಾಯ್ದೆಯಿಂದ. ಅದರಡಿ ಮೊದಲ ಅರ್ಜಿ ಕಲ್ಕತ್ತೆಯ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್‌ನದು. ದೊರೆಗಳ ಮನೆಯ ಪಂಕಾ ಎಳೆಯುವ ಯಂತ್ರಕ್ಕಾಗಿ, ಆ ವರ್ಷದ ಮಾರ್ಚ್ 3ರಂದು. ಅಲುಗಾಡಿಸುವ ಯಂತ್ರದಿಂದಲೇ ಈ ದೇಶದ ಪೇಟೆಂಟ್ ಕಡತ ಶುರುವಾಯಿತೆನ್ನುವುದು ತಮಾಷೆಯ ಸಂಗತಿ. ಆ ಕಾಯ್ದೆ ಮರುವರ್ಷವೇ ರದ್ದಾಗಿ, 1859ರಲ್ಲಿ ಇನ್ನೊಂದು ಬಂದು, ಹಲವು ತಿದ್ದುಪಡಿ ಕಂಡು, 1911ರ ಪೇಟೆಂಟ್ ಮತ್ತು ವಿನ್ಯಾಸ ಕಾಯ್ದೆಯಲ್ಲಿ ನೆಲೆನಿಂತಿತು. ಆದರೆ ಅದು ಬ್ರಿಟಿಷ್ ಇಂಡಿಯಾದ ಕಾಯ್ದೆ. ಚಾಮರಾಜನಗರ, ಗುಂಡ್ಲುಪೇಟೆ ಮೈಸೂರು ಮಹಾರಾಜರ ಸೀಮೆ. ಪಕ್ಕದ ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು, ನಮ್ಮ ಕಡೆ ಸೇರಿದ್ದು 1956ರ ನವೆಂಬರ್ 1ರಂದು. ಅಂದರೆ ಇವತ್ತು ಒಂದೇ ಜಿಲ್ಲೆಯಾಗಿರುವ ಈ ನೆಲದ ನಡುವೆ ಅಂದು ಪೇಟೆಂಟಿನ ಗಡಿಯೂ ಹಾದುಹೋಗಿತ್ತು. ಕೊಳ್ಳೇಗಾಲದಲ್ಲಿ ಕಲ್ಕತ್ತೆಯ ಪೇಟೆಂಟಿಗೆ ಬೆಲೆಯಿತ್ತು. ಕೆಲವೇ ಹರದಾರಿ ಆಚೆಯ ಚಾಮರಾಜನಗರದಲ್ಲಿ ಆ ಕಾಯ್ದೆಯ ಬಲದಿಂದ ಯಾರನ್ನೂ ತಡೆಯುವಂತಿರಲಿಲ್ಲ. ಕಾಗದದ ಮೇಲಿನ ಈ ವ್ಯತ್ಯಾಸದಿಂದ ಹೊಲದಲ್ಲಿ ಏನಾದರೂ ಬದಲಾಯಿತೆಂದು ಹೇಳಲು ಆಧಾರವಿಲ್ಲ. ಎರಡೂ ಕಡೆ ಎತ್ತು ಎಳೆಯುತ್ತಿದ್ದದ್ದು ಅದೇ ಕಪಿಲೆಯನ್ನು.

ಬಂಡೆಯನ್ನು ಸೀಳುವ ವಿದ್ಯೆ ಬಂದ ದಾರಿ ಬೇರೆ. 1871ರಲ್ಲಿ ಸೈಮನ್ ಇಂಗರ್ಸಾಲ್ ಎಂಬ ಅಮೆರಿಕನ್ ಬಂಡೆ ಕೊರೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಶತಮಾನ ಮುಗಿಯುವ ಹೊತ್ತಿಗೆ ಜಾರ್ಜ್ ಲೇನರ್ ಟೊಳ್ಳು ಉಕ್ಕಿನ ಕಡ್ಡಿಯ ಮೂಲಕ ಗಾಳಿ, ನೀರು ಹಾಯಿಸಿ ಪುಡಿಯನ್ನು ಹೊರಕ್ಕೆ ಊದುವ ಸುತ್ತಿಗೆ ಡ್ರಿಲ್ ಮಾಡಿದ. ಒತ್ತಿದ ಗಾಳಿಯಿಂದ ಕಲ್ಲು ಕೊರೆಯುವುದು ನಮ್ಮ ಸಂಸ್ಥಾನಕ್ಕೆ ಪರಿಚಯವಾದದ್ದು ಕೋಲಾರದ ಚಿನ್ನದ ಗಣಿಯಲ್ಲಿ. ಆ ಗಣಿಗೆ 1902ರಲ್ಲಿ ವಿದ್ಯುತ್ ಹೋದದ್ದು ಕೊಳ್ಳೇಗಾಲದ ಮಗ್ಗುಲಿನ ಶಿವನಸಮುದ್ರದಿಂದ. ಎಣ್ಣೆಯ ಕಡೆ 1909ರಲ್ಲಿ ಹೋವರ್ಡ್ ಹ್ಯೂಸ್ ಹಿರಿಯ ಎರಡು ಶಂಕುಗಳು ಉರುಳುತ್ತ ಬಂಡೆ ಅರೆಯುವ ಬಿಟ್ಟಿಗೆ ಪೇಟೆಂಟ್ ಪಡೆದು, ಬಿಟ್ಟುಗಳನ್ನು ಮಾರದೆ ಬಾಡಿಗೆಗೆ ಕೊಟ್ಟು ಅಪಾರ ಸಂಪತ್ತು ಮಾಡಿದ. ನಮ್ಮ ಬೋರ್‌ವೆಲ್ಲಿಗೆ ಹತ್ತಿರದ್ದು ಇಂಗರ್ಸಾಲ್, ಲೇನರ್ ಕಡೆಯ ವಂಶ. ಅದರ ಕುಡಿಯಾಗಿ 1950ರ ದಶಕದಲ್ಲಿ ಬಳಕೆಗೆ ಬಂದದ್ದು, ಸುತ್ತಿಗೆಯನ್ನೇ ಬಾವಿಯ ತಳಕ್ಕೆ ಇಳಿಸುವ ಉಪಾಯ. ರಾಡಿನೊಳಗಿಂದ ಬರುವ ಗಾಳಿ ಪಿಸ್ಟನ್ನನ್ನು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸಲ ಬಿಟ್ಟಿನ ತಲೆಗೆ ಬಡಿಯುತ್ತದೆ; ಬಿಟ್ಟಿನ ಮುಖದಲ್ಲಿ ಹುಗಿದ ಟಂಗ್‌ಸ್ಟನ್ ಕಾರ್ಬೈಡ್ ಗುಂಡಿಗಳು ಬಂಡೆಯನ್ನು ಪುಡಿಮಾಡುತ್ತವೆ; ಕೆಲಸ ಮುಗಿಸಿದ ಅದೇ ಗಾಳಿ ಪುಡಿಯನ್ನು ಮೇಲಕ್ಕೆ ಹೊತ್ತು ತರುತ್ತದೆ. ಇದರ ಹಿಂದಿದ್ದ ಇಂಗರ್ಸಾಲ್, ಲೇನರ್ ಕಾಲದ ಮೂಲ ಪೇಟೆಂಟುಗಳು ಈ ನಾಡಿಗೆ ಯಂತ್ರ ಬರುವ ಮೊದಲೇ ಅವಧಿ ಮುಗಿಸಿ ಎಲ್ಲರ ಸೊತ್ತಾಗಿದ್ದವು.

1966–67ರ ಬಿಹಾರದ ಬರಗಾಲ ಈ ಯಂತ್ರವನ್ನು ಭಾರತದ ಗಟ್ಟಿಕಲ್ಲಿನ ಸೀಮೆಗೆ ಎಳೆತಂದಿತು. ಯುನಿಸೆಫ್ ತರಿಸಿದ ರಿಗ್ಗುಗಳು ಕುಡಿಯುವ ನೀರಿಗಾಗಿ ದಖ್ಖನ್ನಿನ ಬಂಡೆಯಲ್ಲಿ ಬಾವಿ ಕೊರೆದವು. ಅವುಗಳ ಮೇಲೆ ಕೂರಿಸಿದ ಕೈಪಂಪುಗಳು ಮಾತ್ರ ಬಾವಿ ಕೊರೆದಷ್ಟೇ ಬೇಗ ಕೆಟ್ಟುನಿಲ್ಲುತ್ತಿದ್ದವು. ಮನೆಯೊಂದಕ್ಕೆಂದು ಮಾಡಿದ ಎರಕದ ಪಂಪನ್ನು ಇಡೀ ಊರು ದಿನವಿಡೀ ಒತ್ತಿದರೆ ಇನ್ನೇನಾದೀತು? ಅದಕ್ಕೆ ಉತ್ತರವಾಗಿ 1970ರ ದಶಕದಲ್ಲಿ ಸೋಲಾಪುರದ ಮಾದರಿಯೊಂದನ್ನು ಆಧಾರವಾಗಿಟ್ಟುಕೊಂಡು ಸರ್ಕಾರ, ಯುನಿಸೆಫ್, ಎಂಜಿನಿಯರುಗಳು ಸೇರಿ ರೂಪಿಸಿದ್ದೇ ‘ಇಂಡಿಯಾ ಮಾರ್ಕ್ 2’. ಹಳ್ಳಿಯ ಶಾಲೆಯ ಮುಂದೆ, ಮಾರಿಗುಡಿಯ ಪಕ್ಕದಲ್ಲಿ ಇವತ್ತಿಗೂ ನಿಂತಿರುವ ಉದ್ದ ಹಿಡಿಯ ಪಂಪು ಅದು. ಅದಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಭಾರತೀಯ ಮಾನಕ 9301 ಎಂದು ಅಳತೆಗಳನ್ನೆಲ್ಲ ಪ್ರಕಟಿಸಿ, ಯಾರು ಬೇಕಾದರೂ ಮಾಡಿ, ಗುಣಮಟ್ಟ ಮಾತ್ರ ತಪ್ಪಬೇಡಿ ಎಂದು ಬಿಟ್ಟುಕೊಟ್ಟರು. ಒಂದು ಕಡೆಯ ಪಿನ್ನು, ಸರಪಳಿ, ವಾಷರು ಇನ್ನೊಂದು ಕಡೆಯ ಪಂಪಿಗೆ ಹೊಂದುವಂತಾದದ್ದು ಇದರಿಂದ. ದೇಶ ದಾಟಿ ಆಫ್ರಿಕಾಕ್ಕೂ ಹೋದ ಈ ಪಂಪಿನ ಯಶಸ್ಸಿನಲ್ಲಿ ಅದರ ಯಂತ್ರರಚನೆಯಷ್ಟೇ ಪಾಲು ಒಡೆತನವಿಲ್ಲದಿರುವಿಕೆಗೂ ಇದೆ.

ಹೊಲದ ಬೋರ್‌ವೆಲ್ಲಿಗೆ ಬಂದದ್ದು ಸರ್ಕಾರಿ ರಿಗ್ಗಿಗಿಂತ ಹೆಚ್ಚಾಗಿ ತಮಿಳುನಾಡಿನ ಲಾರಿ. ನಾಮಕ್ಕಲ್ ಜಿಲ್ಲೆಯ ತಿರುಚೆಂಗೋಡು ಬೋರ್‌ವೆಲ್ ಲಾರಿಗಳ ತವರು. ಅಲ್ಲಿಂದ ಹೊರಟ ಗಾಡಿಗಳು ರಾಜಸ್ಥಾನದವರೆಗೂ ಹೋಗುತ್ತವೆಂದ ಮೇಲೆ ಗಡಿಗೆ ಅಂಟಿಕೊಂಡ ಚಾಮರಾಜನಗರ ಯಾವ ದೂರ! ಒಂದು ಲಾರಿಯ ಮೇಲೆ ರಿಗ್ಗು ಮತ್ತು ಕಂಪ್ರೆಸರ್, ಇನ್ನೊಂದರಲ್ಲಿ ರಾಡು, ಕೇಸಿಂಗ್, ಅಡುಗೆ ಪಾತ್ರೆ, ಹುಡುಗರ ಹಾಸಿಗೆ. ಊರಿನಲ್ಲಿ ಒಬ್ಬ ಏಜೆಂಟ್, ತೆಂಗಿನಕಾಯಿ ಹಿಡಿದು ‘ಪಾಯಿಂಟ್’ ನೋಡುವ ಒಬ್ಬಾತ, ಅಡಿಗಿಷ್ಟು ಎಂಬ ದರ. ಆಳದ ಲೆಕ್ಕ ಇಳಿದ ರಾಡುಗಳ ಎಣಿಕೆಯಲ್ಲಿ. ಬಿಳಿ ಪುಡಿ ಬಂದರೆ ರೈತನ ಮುಖ ಬಾಡುತ್ತದೆ, ಪುಡಿ ಕೆಸರಾದರೆ ಅರಳುತ್ತದೆ. ಡ್ರಿಲ್ಲರಿನ ಗಮನ ಮಾತ್ರ ಬೇರೆ ಕಡೆ. ಹ್ಯಾಮರಿನ ಸದ್ದು ಏಕತಾಳದಲ್ಲಿದ್ದದ್ದು ಒಮ್ಮೆ ತಪ್ಪಿದರೆ, ರಾಡು ಒಮ್ಮೆಗೇ ಅರ್ಧ ಅಡಿ ಕುಸಿದರೆ, ಬಿರುಕು ಸಿಕ್ಕಿತೆಂದು ಅವನಿಗೆ ನೀರು ಕಾಣುವ ಮೊದಲೇ ತಿಳಿಯುತ್ತದೆ. ಕೆಲವೊಮ್ಮೆ ಬಿರುಕಿನಿಂದ ಬಿದ್ದ ಕಲ್ಲಿನ ನಡುವೆ ಹ್ಯಾಮರೇ ಹಿಡಿದುಬಿಡುತ್ತದೆ. ಆಗ ಗಾಳಿ ತೆರೆದು ಮುಚ್ಚಿ, ತಿರುಗಣಿಯನ್ನು ತುಸು ಕೊಟ್ಟು ತುಸು ನಿಲ್ಲಿಸಿ, ಮೇಲೆ ಕೆಳಗೆ ಆಡಿಸಿ ಬಿಡಿಸಬೇಕು. ಎಣ್ಣೆ ಬಾವಿಯ ಎಂಜಿನಿಯರು ಲೆಕ್ಕ ಹಾಕಿ ಕೊಡುವ ಕಂಪನವನ್ನು ಇವನು ಕಿವಿಯ ಮೇಲೆ, ಲಿವರಿನ ಮೇಲಿಟ್ಟ ಅಂಗೈಯ ಮೇಲೆ ಕೊಡುತ್ತಾನೆ.

ಈ ಕೈಚಳಕಕ್ಕೆ ಪೇಟೆಂಟ್ ಸಿಗುತ್ತಿತ್ತೇ? ಸಿಗುತ್ತಿರಲಿಲ್ಲ, ಅದರ ಕಾರಣ ನೋಡಬೇಕು. ಪೇಟೆಂಟ್ ಕಾನೂನನ್ನು ಮರುಪರಿಶೀಲಿಸಿದ ಬಕ್ಷಿ ಟೇಕ್‌ಚಂದ್ ಸಮಿತಿಯ ನಂತರ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ 1959ರಲ್ಲಿ ಕೊಟ್ಟ ವರದಿ, ಭಾರತದ ಪೇಟೆಂಟುಗಳಲ್ಲಿ ಶೇಕಡಾ 80ರಿಂದ 90ರಷ್ಟು ವಿದೇಶಿಯರವು, ಅವುಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಇಲ್ಲಿ ತಯಾರಿಕೆಗೇ ಬಂದಿಲ್ಲ ಎಂದು ತೋರಿಸಿತು. ಅದರ ಮೇಲೆ ಕಟ್ಟಿದ 1970ರ ಕಾಯ್ದೆ 1972ರ ಏಪ್ರಿಲ್ 20ರಂದು ಜಾರಿಯಾಯಿತು. ಹೊಸತನ, ಆವಿಷ್ಕಾರದ ಹೆಜ್ಜೆ, ಕೈಗಾರಿಕೆಗೆ ಒದಗುವ ಗುಣ ಮೂರೂ ಇದ್ದರೆ ಪೇಟೆಂಟ್. ಅದರ 3ನೇ ಕಲಮು ಬಾಗಿಲಲ್ಲೇ ಹಲವನ್ನು ತಡೆಯುತ್ತದೆ: ಗೊತ್ತಿರುವ ಯಂತ್ರದ ಬರಿಯ ಬಳಕೆ, ತಮ್ಮ ಪಾಡಿಗೆ ತಾವು ಕೆಲಸ ಮಾಡುವ ಗೊತ್ತಿರುವ ಸಾಧನಗಳನ್ನು ಸುಮ್ಮನೆ ಜೋಡಿಸುವುದು, ಕೃಷಿಯ ವಿಧಾನ. ಮೂರು ಕಾಲಿನ ಸ್ಟ್ಯಾಂಡು, ಚೈನ್ ಪುಲ್ಲಿ, ಸುತ್ತಿಗೆ, ರೆಂಚು: ಒಂದೊಂದೂ ಹಳೆಯದು, ಒಟ್ಟಿಗೆ ಇಟ್ಟರೂ ಒಂದೊಂದೂ ತನ್ನ ಹಳೆಯ ಕೆಲಸವನ್ನೇ ಮಾಡುತ್ತದೆ. ಕಲಮಿನ ಮಾತು ಇದನ್ನು ನೋಡಿಯೇ ಬರೆದಂತಿದೆ. ಎಣ್ಣೆಬಾವಿಯ ಕಂಪಕಕ್ಕೆ ಪೇಟೆಂಟ್ ಸಿಕ್ಕರೆ ಅದು ಕಂಪನಕ್ಕೆ ಸಿಕ್ಕಿದ್ದಲ್ಲ. ಇಂಥ ಭಾರದ ಚಕ್ರ, ಇಂಥ ಕವಾಟ, ಕೊಳವೆಯ ಉದ್ದಕ್ಕೆ ತಕ್ಕ ಇಂಥ ವೇಗ ಎಂದು ಗೆರೆ ಎಳೆದು ತೋರಿಸಿದ ರಚನೆಗೆ ಸಿಕ್ಕಿದ್ದು.

ಕೈಚಳಕಕ್ಕೂ ಆವಿಷ್ಕಾರಕ್ಕೂ ನಡುವಿನ ಗೆರೆ ಎಲ್ಲಿ ಬೀಳಬೇಕೆಂಬುದನ್ನು ಸುಪ್ರೀಂ ಕೋರ್ಟ್ 1978ರ ಡಿಸೆಂಬರ್ 13ರಂದು ಹೇಳಿತು. ಮೊಕದ್ದಮೆ ಮಿರ್ಜಾಪುರದ ಹಿತ್ತಾಳೆ ಪಾತ್ರೆ ಮಾಡುವವರದು. ಲೇತಿನ ಮೇಲೆ ಪಾತ್ರೆ ತಿರುಗುವಾಗ ಅದನ್ನು ಬಿಗಿಯಾಗಿ ಹಿಡಿಯುವ ಒಂದು ಏರ್ಪಾಟಿಗೆ ಹಿಂದುಸ್ತಾನ್ ಮೆಟಲ್ ಇಂಡಸ್ಟ್ರೀಸ್ 1951ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ ಪಡೆದುಕೊಂಡಿತ್ತು; ವಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಎಂಬವರು ಅದನ್ನು ಪ್ರಶ್ನಿಸಿದರು. ನ್ಯಾಯಮೂರ್ತಿ ಸರ್ಕಾರಿಯಾ ಬರೆದ ತೀರ್ಪಿನ ಸಾರ ಇಷ್ಟು: ಕಸುಬು ಬಲ್ಲ ಕೆಲಸಗಾರ ತನ್ನ ಕಾರ್ಖಾನೆಯಲ್ಲಿ ಮಾಡಿಕೊಳ್ಳಬಹುದಾದ ಸುಧಾರಣೆ ಪೇಟೆಂಟಿಗೆ ಸಾಲದು, ದಶಕಗಳಿಂದ ಗೊತ್ತಿದ್ದುದನ್ನು ತುಸು ಬದಲಿಸಿ ಬಳಸಿದರೆ ಅದು ಆವಿಷ್ಕಾರವಲ್ಲ. ಪೇಟೆಂಟ್ ರದ್ದಾಯಿತು. ಭಾರತದಲ್ಲಿ ಆವಿಷ್ಕಾರದ ಹೆಜ್ಜೆಯ ಬಗ್ಗೆ ಇವತ್ತಿಗೂ ಮೊದಲು ತೆರೆಯುವ ತೀರ್ಪು ಇದು. ಪಾತ್ರೆ ಹಿಡಿಯುವ ಚಕ್ಕಿನ ವ್ಯಾಜ್ಯದಲ್ಲಿ ಎಳೆದ ಗೆರೆ ಬೋರಿನ ಮೇಲಿನ ಕ್ಲಾಂಪಿಗೂ ಅನ್ವಯಿಸುತ್ತದೆ. ತೀರ್ಪು ಇನ್ನೊಂದು ರೀತಿ ಬಂದಿದ್ದರೆ, ಪೈಪಿನ ಕ್ಲಾಂಪಿಗೆ ಒಂದು ಬೋಲ್ಟ್ ಹೆಚ್ಚಿಗೆ ಹಾಕಿದ ಯಾವ ವರ್ಕ್‌ಶಾಪಾದರೂ ಮಿಕ್ಕವರಿಗೆಲ್ಲ ನೋಟಿಸು ಕಳಿಸಬಹುದಿತ್ತು.

ಎಣ್ಣೆಯ ನಾಡಿನಲ್ಲೂ ಈ ಜಗಳ ನಡೆದಿದೆ. 1946ರ ನವೆಂಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದಿದ್ದ ಹ್ಯಾಲಿಬರ್ಟನ್ ಕಂಪನಿ ಮತ್ತು ಪೇಟೆಂಟುದಾರ ವಾಕರ್ ನಡುವಿನ ಮೊಕದ್ದಮೆ ಬಾವಿಯಲ್ಲಿ ದ್ರವ ಎಷ್ಟು ಆಳದಲ್ಲಿದೆ ಎಂದು ಅಳೆಯುವ ಯಂತ್ರದ ಬಗ್ಗೆ. ಬಾವಿಯ ಬಾಯಲ್ಲಿ ಸದ್ದು ಮಾಡಿ ಪ್ರತಿಧ್ವನಿ ಕೇಳುವುದು ಮೊದಲೇ ಗೊತ್ತಿತ್ತು. ಆದರೆ ಬಾವಿಯಿಂದ ಬಾವಿಗೆ ಸದ್ದಿನ ವೇಗ ಬದಲಾಗುತ್ತದೆ. ಒಳಗಿನ ಕೊಳವೆಯ ಜಾಯಿಂಟುಗಳು ಸಮಾನ ದೂರದಲ್ಲಿರುತ್ತವಲ್ಲ, ಅವುಗಳಿಂದ ಬರುವ ಮೆಲುದನಿಯನ್ನು ಅನುರಣಿಸುವ ಒಂದು ನಳಿಗೆಯಿಂದ ಎತ್ತಿಹಿಡಿದು ಎಣಿಸಿದರೆ ಆಳ ಸಿಗುತ್ತದೆ ಎಂದು ವಾಕರ್ ಕಂಡುಕೊಂಡ. ಉಪಾಯ ಜಾಣತನದ್ದೇ. ಆದರೂ ಕೋರ್ಟ್ ಅವನ ಹಕ್ಕನ್ನು ತಳ್ಳಿತು. ಹೊಸತಾದ ಜಾಗದಲ್ಲೇ ಅವನು ಯಂತ್ರವೇನೆಂದು ಹೇಳದೆ ‘ಇಂಥ ಕೆಲಸ ಮಾಡುವ ಸಾಧನ’ ಎಂದಷ್ಟೇ ಬರೆದಿದ್ದ. ಹಾಗೆ ಬಿಟ್ಟರೆ ಮುಂದೆ ಆ ಕೆಲಸವನ್ನು ಬೇರೆ ರೀತಿ ಮಾಡುವವರೆಲ್ಲ ಅವನಿಗೆ ತೆರಬೇಕಾದೀತು ಎಂಬುದು ವಾದ. 1952ರಲ್ಲಿ ಅಮೆರಿಕದ ಸಂಸತ್ತು ಕಾಯ್ದೆ ತಿದ್ದಿ ಅಂಥ ಬರವಣಿಗೆಗೆ ಅವಕಾಶ ಕೊಟ್ಟಿತಾದರೂ, ವಿವರಿಸಿದ ರಚನೆ ಮತ್ತು ಅದಕ್ಕೆ ಸಮನಾದದ್ದಕ್ಕೆ ಮಾತ್ರ ಹಕ್ಕನ್ನು ಕಟ್ಟಿಹಾಕಿತು. ಬೋರಿಗೆ ಒಂದು ಕಲ್ಲು ಬಿಟ್ಟು, ‘ಡುಬಕ್’ ಅನ್ನುವವರೆಗೆ ಕಿವಿಗೊಟ್ಟು ನೀರು ಇಷ್ಟಡಿಯಲ್ಲಿದೆ ಅನ್ನುವ ನಮ್ಮ ರೈತನಿಗೂ ವಾಕರನಿಗೂ ತತ್ವದಲ್ಲಿ ದೂರವಿಲ್ಲ. ತತ್ವ ಮಾತ್ರ ಯಾರದ್ದೂ ಅಲ್ಲ ಎಂಬುದರಲ್ಲಿ ಎರಡೂ ದೇಶದ ಕೋರ್ಟುಗಳು ಒಂದಾದವು.

ಇಲ್ಲಿ ಯಾರೂ ಏನನ್ನೂ ಕಂಡುಹಿಡಿಯಲಿಲ್ಲ, ಯಂತ್ರ ಹೊರಗಿನಿಂದ ಬಂತು, ಲಾರಿ ತಮಿಳುನಾಡಿನದು, ಹೀಗಿರುವಾಗ ಪೇಟೆಂಟ್ ಇಲ್ಲದ್ದರಲ್ಲಿ ಇತಿಹಾಸವೇನು ಎಂದು ಆಕ್ಷೇಪಿಸಬಹುದು. ಅರ್ಧ ನಿಜ. ಹ್ಯಾಮರೂ ಕಂಪ್ರೆಸರೂ ಇಲ್ಲಿನವಲ್ಲ. ಆದರೆ ಯಂತ್ರವೊಂದು ಹೊಸ ನೆಲದಲ್ಲಿ ನಡೆಯಬೇಕಾದರೆ ಆ ನೆಲದ ಗುಣ ಅರಿತ ಕೈ ಬೇಕು. ಕೇಸಿಂಗನ್ನು ಎಲ್ಲಿ ನಿಲ್ಲಿಸಬೇಕು, ಕರಿಕಲ್ಲಿಗೆ ಬಿಟ್ಟು ಎಷ್ಟು ಬೇಗ ಸವೆಯುತ್ತದೆ, ಬಿರುಕಿನ ಜಾಗ ದಾಟಿ ಮೋಟರನ್ನು ಎಲ್ಲಿ ಕೂರಿಸಬೇಕು ಎಂಬ ನೂರಾರು ತೀರ್ಮಾನಗಳು ಇಲ್ಲಿಯವೇ. ಇದಕ್ಕಿಂತ ಗಟ್ಟಿಯಾದ ಉತ್ತರ ಕಾಯ್ದೆಯಲ್ಲೇ ಇದೆ. ಪೇಟೆಂಟಿಗೆ ಅಡ್ಡಿ ಹೇಳಲು 25ನೇ ಕಲಮು, ಕೊಟ್ಟದ್ದನ್ನು ರದ್ದು ಮಾಡಿಸಲು 64ನೇ ಕಲಮು. ಎರಡೂ ಭಾರತದಲ್ಲಿ ಮೊದಲೇ ಸಾರ್ವಜನಿಕವಾಗಿ ಬಳಕೆಯಲ್ಲಿದ್ದುದನ್ನು ಒಂದು ಕಾರಣವೆಂದು ಒಪ್ಪುತ್ತವೆ. ಸ್ಥಳೀಯ ಸಮುದಾಯದಲ್ಲಿ ಬಾಯಿಮಾತಿನಲ್ಲಷ್ಟೇ ಇರುವ ತಿಳಿವಳಿಕೆಯೂ ಕಾರಣವಾಗಬಲ್ಲದು. ಅಂದರೆ ನಾಳೆ ಯಾವುದೋ ಕಂಪನಿ ಸಿಕ್ಕಿಕೊಂಡ ಸಬ್‌ಮರ್ಸಿಬಲ್ಲನ್ನು ತಟ್ಟಿ, ಜಗ್ಗಿ, ಸಡಿಲಿಸಿ ತೆಗೆಯುವ ಸಾಮಾನ್ಯ ಕ್ರಮದ ಮೇಲೆ ಹಕ್ಕು ಕೇಳಿದರೆ ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯ ಮೋಟರ್ ಮೆಕ್ಯಾನಿಕ್ಕಿನ ಸಾಕ್ಷ್ಯಕ್ಕೆ ಅದನ್ನು ಬೀಳಿಸುವ ಶಕ್ತಿಯಿದೆ. ಕಾನೂನು ಅವನನ್ನು ಆವಿಷ್ಕಾರಕ ಎನ್ನುವುದಿಲ್ಲ. ಅವನ ವಿದ್ಯೆಯನ್ನು ಇನ್ನೊಬ್ಬರು ಬಾಚಿಕೊಳ್ಳಲೂ ಬಿಡುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಒಡೆಯನಿಲ್ಲದ ಯಂತ್ರ ಹೀಗೆ ಎಗ್ಗಿಲ್ಲದೆ ಹರಡಿದ್ದರಿಂದಲೇ ಅಂತರ್ಜಲ ಬರಿದಾಯಿತಲ್ಲವೇ? ಗುಂಡ್ಲುಪೇಟೆ ಕೇಂದ್ರ ಅಂತರ್ಜಲ ಮಂಡಳಿಯ ಪಟ್ಟಿಯಲ್ಲಿ ಅತಿಬಳಕೆಯ ತಾಲ್ಲೂಕು. ಅರಿಶಿನ, ಸಣ್ಣ ಈರುಳ್ಳಿ, ಬಾಳೆ, ಬಣ್ಣದ ಕಾರ್ಖಾನೆಗಾಗಿ ಬೆಳೆಯುವ ಚೆಂಡುಹೂವು, ಎಲ್ಲದರ ಬೇರೂ ಬೋರಿನ ನೀರಿನಲ್ಲಿದೆ. ಅಗ್ಗದ ಕೊರೆತ ಇದಕ್ಕೆ ಒಂದು ಕಾರಣವೆಂದು ಒಪ್ಪಲೇಬೇಕು. ಪೇಟೆಂಟ್ ಇದ್ದಿದ್ದರೆ ತಡೆಯುತ್ತಿತ್ತು ಎಂಬ ಮಾತು ಮಾತ್ರ ನಿಲ್ಲುವುದಿಲ್ಲ. 1970ರ ಕಾಯ್ದೆಯಲ್ಲಿ ಯಂತ್ರದ ಪೇಟೆಂಟಿಗೆ 14 ವರ್ಷ, 2003ರಿಂದ 20 ವರ್ಷ. ಅದಾದ ಮೇಲೆ ಬಾಗಿಲು ತೆರೆದೇ ತೆರೆಯುತ್ತಿತ್ತು. ಅಷ್ಟು ವರ್ಷ ಬೋರು ದುಬಾರಿಯಾಗಿದ್ದರೆ ಹತ್ತು ಎಕರೆಯವನಿಗೆ ಮೊದಲು ನೀರು ಸಿಕ್ಕು, ಎರಡು ಎಕರೆಯವನಿಗೆ ಒಣಗಿದ ಮೇಲೆ ಸಿಗುತ್ತಿತ್ತು. ನೀರನ್ನು ಇಳಿಸಿದ್ದು ಯಂತ್ರದ ಬೆಲೆಗಿಂತ ವಿದ್ಯುತ್ತಿನ ಬೆಲೆ: 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ 2008ರಿಂದ ಕರೆಂಟು ಪುಕ್ಕಟೆ. ಹತೋಟಿ ಬೇಕಿದ್ದರೆ ಅದರ ಜಾಗ ಬೇರೆ ಕಾನೂನಿನಲ್ಲಿದೆ. 2011ರ ಕರ್ನಾಟಕ ಅಂತರ್ಜಲ ಕಾಯ್ದೆ ಅಧಿಸೂಚಿತ ಪ್ರದೇಶದಲ್ಲಿ ಬಾವಿ ಕೊರೆಯಲು ಅನುಮತಿ, ರಿಗ್ಗಿಗೆ ನೋಂದಣಿ ಕಡ್ಡಾಯ ಮಾಡಿತು. ಅದು ರಾತ್ರೋರಾತ್ರಿ ಬರುವ ಲಾರಿಯನ್ನು ಎಷ್ಟು ಹಿಡಿದಿದೆ ಎಂಬುದು ಊರಿನವರಿಗೆಲ್ಲ ಗೊತ್ತಿರುವ ವಿಷಯ. ಆದರೂ ನೀರಿನ ಪ್ರಶ್ನೆಯನ್ನು ನೀರಿನ ಕಾನೂನಿನಲ್ಲೇ ಕೇಳಬೇಕು. ಕಬಿನಿಯಿಂದ ಆಲಂಬೂರಿನ ಏತ ನೀರಾವರಿಯಲ್ಲಿ ಕೆರೆಗಳಿಗೆ ನೀರು ತಂದದ್ದು ಕೂಡ ಆ ಪ್ರಶ್ನೆಗೆ ಕೊಟ್ಟ ಒಂದು ಉತ್ತರವೇ.

ದೊಡ್ಡ ಪೇಟೆಂಟ್ ಬೇಡ, ಸಣ್ಣ ಜಾಣ್ಮೆಗೆ ಸಣ್ಣ ಪೇಟೆಂಟ್ ಕೊಡಬಹುದಲ್ಲ ಎನ್ನುವವರಿದ್ದಾರೆ. ಜರ್ಮನಿಯಲ್ಲಿ 1891ರಿಂದಲೂ ಅಂಥ ಏರ್ಪಾಟಿದೆ: ಕಡಿಮೆ ಅವಧಿ, ಕಡಿಮೆ ಪರೀಕ್ಷೆ. ಭಾರತದಲ್ಲಿ 2011ರಲ್ಲಿ ಕೇಂದ್ರ ಕೈಗಾರಿಕಾ ಇಲಾಖೆ ಈ ಬಗ್ಗೆ ಚರ್ಚಾಪತ್ರ ಹೊರಡಿಸಿತ್ತು, ಕಾಯ್ದೆಯಾಗಲಿಲ್ಲ. ವೈಯಕ್ತಿಕವಾಗಿ ಒಬ್ಬ ಮೆಕ್ಯಾನಿಕ್ಕಿಗೆ ಇದರಿಂದ ಹೆಸರು, ಒಂದಿಷ್ಟು ಹಣ ಬಂದರೆ ಯಾರು ಬೇಡವೆಂದಾರು? ಹೆಸರು ಸಿಗಲು ಬೇರೆ ದಾರಿಯೂ ಇದೆ. 2000ದಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ಹಳ್ಳಿಯ ಆವಿಷ್ಕಾರಕರ ಪರವಾಗಿ ಪೇಟೆಂಟಿಗೆ ಅರ್ಜಿ ಹಾಕುತ್ತದೆ. ಕ್ಲಾಂಪಿನಂಥ ವಸ್ತುವಿನ ವಿಷಯದಲ್ಲಿ ನನ್ನ ಅನುಮಾನ ಬೇರೆ. ಪರೀಕ್ಷೆಯಿಲ್ಲದೆ ಸುಲಭವಾಗಿ ಸಿಗುವ ಹಕ್ಕು ಮೊದಲು ಸೇರುವುದು ಅರ್ಜಿ ಬರೆಯಬಲ್ಲವನ ಕೈಗೆ. ಬಿಡಿಭಾಗ ಎರಕಹೊಯ್ಯುವ ಕೊಯಮತ್ತೂರಿನ ಕಾರ್ಖಾನೆಗೆ ವಕೀಲರಿರುತ್ತಾರೆ, ಸ್ಟ್ಯಾಂಡು ಹೊತ್ತು ಟೆಂಪೋದಲ್ಲಿ ಊರೂರು ತಿರುಗುವವರಿಗೆ ಇರುವುದಿಲ್ಲ. ಅಂಥವನ ಮೇಲೆಯೇ ಕೇಸು ಬೀಳುತ್ತದೆ.

ಹಾಗಾದರೆ ಎಣ್ಣೆಬಾವಿಯ ಪೇಟೆಂಟುಗಳಿಂದ ಈ ಕಸುಬಿಗೆ ಪ್ರಯೋಜನವೇ ಇಲ್ಲವೇ? ಇದೆ, ಆದರೆ ಅದು ಹಕ್ಕಿನ ಕಡೆಯಿಂದ ಬರುವುದಿಲ್ಲ. ಪೇಟೆಂಟ್ ಪಡೆಯುವವನು ತನ್ನ ಯಂತ್ರವನ್ನು ಮಾಡುವ ಅತ್ಯುತ್ತಮ ವಿಧಾನವನ್ನು ಪೂರ್ತಿ ಬಿಚ್ಚಿ ಬರೆಯಬೇಕು. 10ನೇ ಕಲಮಿನ ಷರತ್ತು ಅದು. ಅವಧಿ ಮುಗಿದ ಮೇಲೆ ಆ ಬರಹ ಯಾರು ಬೇಕಾದರೂ ತೆಗೆದು ಓದುವ ಕೈಪಿಡಿ. ಬೋಡೀನನ ಕಂಪಿಸುವ ಕೊಳವೆಯ ಚಿತ್ರಗಳು ಎಂದೋ ಎಲ್ಲರವಾಗಿವೆ. ಆದರೆ ಅವನ್ನು ತಂದು ಗುಂಡ್ಲುಪೇಟೆಯ ಬೋರಿಗೆ ಇಳಿಸಹೊರಟರೆ ಒಂದು ತೊಡಕು ಎದುರಾಗುತ್ತದೆ. ಆ ಯಂತ್ರಗಳೆಲ್ಲ ಉಕ್ಕಿನ ಕೊಳವೆಗಾಗಿ ಮಾಡಿದವು. ಮೇಲೆ ಕೊಟ್ಟ ಕಂಪನ ಉಕ್ಕಿನಲ್ಲಿ ತಳದವರೆಗೆ ಸಾಗುತ್ತದೆ. ಇಲ್ಲಿ ಜಿಐ ಪೈಪಿನ ಜಾಗದಲ್ಲಿ ಈಗ ಸುರುಳಿಯಾಗಿ ಬರುವ ಕಪ್ಪು ಎಚ್‌ಡಿಪಿಇ ಪೈಪು ಬಂದಿದೆ. ಹಗುರ, ಜಾಯಿಂಟು ಕಡಿಮೆ, ಮೂರು ಜನ ಸೇರಿ ಹೆಗಲ ಮೇಲೆ ಇಳಿಸಬಹುದು. ಅದರ ಮೆದು ಮೈ ಕಂಪನವನ್ನು ದಾರಿಯಲ್ಲೇ ನುಂಗಿಬಿಡುತ್ತದೆ. ಮೇಲೆ ಎಷ್ಟು ತಟ್ಟಿದರೂ ಕೆಳಗಿನ ಮೋಟರಿಗೆ ಸುದ್ದಿ ಮುಟ್ಟುವುದಿಲ್ಲ, ತಿರುಗಿಸಿದರೆ ಪೈಪು ತಾನೇ ಹುರಿಗೊಳ್ಳುತ್ತದೆ. ಉಳಿಯುವುದು ಮೋಟರಿಗೆ ಕಟ್ಟಿದ ಹಗ್ಗ. ಅದು ಉಕ್ಕಿನದಾದರೆ ಸ್ವಲ್ಪ ಆಸೆ, ನೈಲಾನಾದರೆ ಎಳೆದಷ್ಟೂ ಹಿಗ್ಗುತ್ತದೆ. ಕಂಪನವನ್ನು ಪೈಪಿನ ಹಂಗಿಲ್ಲದೆ ತಳಕ್ಕೇ ಒಯ್ದು, ಆರೂವರೆ ಇಂಚಿನ ಬೋರಿನೊಳಗೆ ಪೈಪಿನ ಪಕ್ಕದಲ್ಲೇ ತೂರಿಸಿ, ಸಿಕ್ಕಿಕೊಂಡ ಮೋಟರಿನ ತಲೆಗೇ ಮುಟ್ಟಿಸುವ ಸಾಧನ ಬೇಕು. ಅಂಥದ್ದನ್ನು ಯಾರಾದರೂ ಮಾಡಿದರೆ, ಅದನ್ನು ಮಿರ್ಜಾಪುರದ ಚಕ್ಕಿನ ಸಾಲಿಗೆ ತಳ್ಳುವುದು ಯಾವ ಪೇಟೆಂಟ್ ಪರೀಕ್ಷಕನಿಗೂ ಸುಲಭವಾಗಲಾರದು.